ಸಾಮಾಜಿಕ ಜಾಲತಾಣ: ದುಡಿಮೆಗೆ ದಾರಿ, ಸಂಬಂಧಕ್ಕೆ ಪರೀಕ್ಷೆ

ಓದಿಕೊಳ್ಳಿ: ಪ್ರೇಷಿತರ ಕಾರ್ಯಕಲಾಪಗಳು 18:1-4, 18-28, ರೋಮನರಿಗೆ 16:1-4



ಇಂದು ನಮ್ಮ ಮನೆಗಳಲ್ಲಿ ಮೊಬೈಲ್ ಫೋನಿನ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ತಂದೆತಾಯಂದಿರು "ಮಕ್ಕಳು ಅದರಲ್ಲೇ ಮುಳುಗಿ ಹಾಳಾದರು" ಎಂದು ಕೊರಗುತ್ತಾರೆ. ಮಕ್ಕಳು "ಈಗ ಕೆಲಸ ಸಿಗುವುದೂ ವ್ಯಾಪಾರ ನಡೆಯುವುದೂ ಅದರಲ್ಲೇ" ಎಂದು ವಾದಿಸುತ್ತಾರೆ. ಎರಡು ಮಾತಿನಲ್ಲೂ ಸತ್ಯಾಂಶವಿದೆ. ಆದುದರಿಂದ ಫೋನು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಬದಿಗಿಟ್ಟು, ಅದರ ಮೂಲಕ ದುಡಿಮೆಯ ದಾರಿಯನ್ನು ಹುಡುಕುವ ಕ್ರೈಸ್ತ ಕುಟುಂಬವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಈ ವಾರ ಅಭ್ಯಾಸ ಮಾಡೋಣ.

ಹಳೆಯ ಜಾಲ, ಹೊಸ ಜಾಲ

'ನೆಟ್‌ವರ್ಕ್' ಎಂಬ ಪದ ಹೊಸದಾದರೂ ಅದರ ಹಿಂದಿರುವ ಸಂಗತಿ ಹೊಸದಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯನ್ನೇ ನೋಡಿ. ಪ್ರತಿವರ್ಷ ಪುಷ್ಯ ಮಾಸದ ಹುಣ್ಣಿಮೆಯ ಹೊತ್ತಿಗೆ ಸೇರುವ ಆ ಜಾತ್ರೆಗೆ ನಾಟಕ ಕಂಪನಿಗಳು ಬರುತ್ತವೆ, ಬಟ್ಟೆಯವರು ಬರುತ್ತಾರೆ, ಬಡಿಗರು ಬರುತ್ತಾರೆ. ಒಮ್ಮೆ ಕೊಂಡವನು ಮರುವರ್ಷ ಅದೇ ಅಂಗಡಿಯನ್ನು ಹುಡುಕಿಕೊಂಡು ಬರುತ್ತಾನೆ, ಜೊತೆಗೆ ಇನ್ನಿಬ್ಬರನ್ನು ಕರೆತರುತ್ತಾನೆ. ಪರಿಚಯದಿಂದ ವ್ಯಾಪಾರ, ವ್ಯಾಪಾರದಿಂದ ಮತ್ತಷ್ಟು ಪರಿಚಯ.

ಅದೇ ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಹಾನಗಲ್ಲ ಕುಮಾರ ಸ್ವಾಮಿಗಳು (1867-1930) ಇದನ್ನು 1909ರಲ್ಲಿ ಸ್ಥಾಪಿಸಿದರು. ಇಲ್ಲಿ ತರಬೇತಿ ಪಡೆದ ವಟುಗಳು ನಾಡಿನ ನಾನಾ ಮಠಗಳಿಗೆ ಹೋದರು. ಅವರು ಬೇರೆ ಬೇರೆ ಊರುಗಳಲ್ಲಿದ್ದರೂ ಒಂದೇ ಗುರುಕುಲದವರೆಂಬ ನಂಟು ಅವರನ್ನು ಕೂಡಿಸಿತು. ಗುರುಮಠದಲ್ಲಿ ಓದಿದ ನನ್ನಂಥ ಗುರುಗಳಿಗೆ ಈ ನಂಟಿನ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳ (1892-1944) ಪ್ರತಿಭೆಯನ್ನು ಗುರುತಿಸಿ, ಅವರ ಸಂಗೀತ ಶಿಕ್ಷಣಕ್ಕೆ ಆಸರೆಯಾದವರು ಇದೇ ಕುಮಾರ ಸ್ವಾಮಿಗಳು. ಮುಂದೆ ಪಂಚಾಕ್ಷರಿ ಗವಾಯಿಗಳಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆಯಿತು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅಲ್ಲಿ ಸಂಗೀತವನ್ನು ಧಾರೆಯೆರೆದರು. ಒಬ್ಬರ ಕೈ ಹಿಡಿದದ್ದರಿಂದ ಎಷ್ಟೋ ಜನರಿಗೆ ಬದುಕು ದೊರೆಯಿತು! ನೆರೆಯ ಧರ್ಮದವರ ಈ ಉದಾಹರಣೆಯಿಂದ ನಾವೂ ಕಲಿಯಬೇಕಾದುದಿದೆ. ಪರಿಚಯವೆಂಬುದು ಒಂದು ಶಕ್ತಿ. ಆ ಶಕ್ತಿಯನ್ನು ಯಾರಿಗಾಗಿ ಬಳಸುತ್ತೇವೆ ಎಂಬುದೇ ಪ್ರಶ್ನೆ.

ದೈವವಾಕ್ಯದ ಬೆಳಕಿನಲ್ಲಿ

ಕ್ಲಾಡಿಯಸ್ ಚಕ್ರವರ್ತಿಯ ಆಜ್ಞೆಯಿಂದ ಯೆಹೂದ್ಯರು ರೋಮ್ ನಗರವನ್ನು ಬಿಡಬೇಕಾಯಿತು. ಹಾಗೆ ಹೊರಟುಬಂದ ಅಕ್ವಿಲ ಮತ್ತು ಪ್ರಿಸಿಲ್ಲ ಎಂಬ ದಂಪತಿಗಳು ಕೊರಿಂಥದಲ್ಲಿ ನೆಲೆಸಿದರು. ಅವರದು ಗುಡಾರ ಮಾಡುವ ಕಸುಬು. ಸಂತ ಪೌಲರದೂ ಅದೇ ಕಸುಬು. ಕಸುಬು ಒಂದೇ ಆದುದರಿಂದ ಪೌಲರು ಅವರ ಮನೆಯಲ್ಲಿ ಉಳಿದು ಅವರೊಂದಿಗೆ ದುಡಿದರು. ಈ ಸಂಬಂಧ ಶುರುವಾದದ್ದು ಪ್ರಾರ್ಥನಾ ಮಂದಿರದಲ್ಲಲ್ಲ, ಕೆಲಸದ ಜಾಗದಲ್ಲಿ ಎಂಬುದನ್ನು ಗಮನಿಸಿ.

ಮುಂದೆ ಏನಾಯಿತು? ಆ ದಂಪತಿಗಳು ಪೌಲರೊಂದಿಗೆ ಎಫೆಸಕ್ಕೆ ಹೋದರು. ಅಲ್ಲಿ ಅಪೊಲ್ಲೋಸ್ ಎಂಬ ವಿದ್ವಾಂಸನ ಭೇಟಿಯಾಯಿತು. ಆತನ ತಿಳುವಳಿಕೆಯಲ್ಲಿ ಕೊರತೆಯಿತ್ತು. ಅವರು ಅವನನ್ನು ಜನರ ನಡುವೆ ಟೀಕಿಸದೆ ಪ್ರತ್ಯೇಕವಾಗಿ ಕರೆದು ಪ್ರಭುವಿನ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿದರು. ಆತ ಅಖಾಯಕ್ಕೆ ಹೊರಟಾಗ ಎಫೆಸದ ಸಹೋದರರು ಅಲ್ಲಿಯ ಶಿಷ್ಯರಿಗೆ ಪರಿಚಯ ಪತ್ರ ಬರೆದುಕೊಟ್ಟರು. ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪೌಲರು ಫೆಬೆ ಎಂಬ ಸಹೋದರಿಯನ್ನು ಅಲ್ಲಿಯ ಸಭೆಗೆ ಪರಿಚಯಿಸಿ, ಆಕೆಗೆ ಬೇಕಾದ ನೆರವನ್ನು ನೀಡುವಂತೆ ಕೇಳಿಕೊಂಡರು. ಪ್ರಿಸಿಲ್ಲ ಮತ್ತು ಅಕ್ವಿಲರು ತಮಗಾಗಿ ಪ್ರಾಣವನ್ನೇ ಪಣಕ್ಕಿಟ್ಟವರೆಂದು ಕೃತಜ್ಞತೆಯಿಂದ ನೆನೆದರು.

ಇಲ್ಲಿ ಮೂರು ಹೆಜ್ಜೆಗಳಿವೆ. ಕಸುಬು ಜನರನ್ನು ಕೂಡಿಸಿತು. ಕೂಡಿದವರು ಒಬ್ಬರನ್ನೊಬ್ಬರು ತಿದ್ದಿ ಬೆಳೆಸಿದರು. ಬೆಳೆದವರು ಇನ್ನೊಬ್ಬರಿಗೆ ಬಾಗಿಲು ತೆರೆದರು. ನಮ್ಮ ಜಾಲತಾಣದ ಪರಿಚಯಗಳು ಬಹುತೇಕ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತವೆ.

ದೂರದ ಪರಿಚಯದ ಬಲ

1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಒಂದು ಪ್ರಸಿದ್ಧ ಲೇಖನವನ್ನು ಬರೆದರು. ಕೆಲಸ ಹುಡುಕುವವರಿಗೆ ಆಪ್ತ ಗೆಳೆಯರಿಗಿಂತ ಅಪರೂಪಕ್ಕೆ ಭೇಟಿಯಾಗುವ ಪರಿಚಿತರಿಂದಲೇ ಹೆಚ್ಚು ನೆರವಾಗುತ್ತದೆ ಎಂಬುದು ಅವರ ವಾದ. ಕಾರಣ ಸರಳ. ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ದೂರದ ಪರಿಚಿತನಾದರೋ ಬೇರೊಂದು ವಲಯದ ಸುದ್ದಿಯನ್ನು ತರುತ್ತಾನೆ. ಲಿಂಕ್ಡ್‌ಇನ್ ಎಂಬ ಉದ್ಯೋಗ ಜಾಲತಾಣದ ಎರಡು ಕೋಟಿಗೂ ಹೆಚ್ಚು ಬಳಕೆದಾರರನ್ನು ಒಳಗೊಂಡ ಅಧ್ಯಯನವೊಂದು 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿ, ಈ ವಾದವನ್ನು ಬಹುಮಟ್ಟಿಗೆ ಸಮರ್ಥಿಸಿತು. ತೀರ ಆಪ್ತರೂ ಅಲ್ಲದ, ತೀರ ಅಪರಿಚಿತರೂ ಅಲ್ಲದ ನಡುವಣ ಪರಿಚಯಗಳೇ ಹೊಸ ಕೆಲಸಕ್ಕೆ ಹೆಚ್ಚು ದಾರಿ ಮಾಡಿದ್ದವು.

ಇದರಿಂದ ನಮ್ಮ ಧರ್ಮಕೇಂದ್ರಗಳಿಗೊಂದು ಪಾಠವಿದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೊಲ್ಲಿ ದೇಶದಲ್ಲೋ ಇರುವ ನಮ್ಮೂರಿನವರು, ಹಿಂದೆ ನಮ್ಮ ಶಾಲೆಯಲ್ಲಿ ಓದಿದವರು, ಹಬ್ಬಕ್ಕೆ ಮಾತ್ರ ಬಂದುಹೋಗುವ ಬಂಧುಗಳು, ಇವರೆಲ್ಲ ನಮಗೆ ಅಂಥ ನಡುವಣ ಪರಿಚಿತರೇ. ಇವರನ್ನು ಹಬ್ಬದ ಚಂದಾ ಕೇಳಲು ಮಾತ್ರ ನೆನೆಯುವ ನಾವು, ಊರಿನ ಒಬ್ಬ ಹುಡುಗಿಗೆ ಕೆಲಸದ ಮಾಹಿತಿ ಕೇಳಲು ಸಂಕೋಚಪಡುತ್ತೇವೆ. ಆ ಸಂಕೋಚ ಬೇಡ.

ಮಗ್ಗದ ಮನೆಗೆ ಬಂದ ಅಂಗಡಿ

ಈಗ ನಮ್ಮ ಸೀಮೆಯ ನೇಕಾರರ ವಿಷಯಕ್ಕೆ ಬರೋಣ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನಾಡಿಗೆಲ್ಲ ಗೊತ್ತು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ರೇಷ್ಮೆ ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಕಣ್ಣು, ಬೆರಳು, ತಾಳ್ಮೆ ಮೂರೂ ಬೇಡುವ ಕೆಲಸ. ಆದರೆ ಅನೇಕ ನೇಕಾರರು ಮಾಲೀಕರಿಂದ ನೂಲು ತಂದು, ನೇಯ್ದು ಕೊಟ್ಟು, ಮಜೂರಿ ಪಡೆಯುವವರು. ಆ ಸೀರೆ ಮುಂದೆ ಯಾರ ಮೈಮೇಲೆ ಹೋಯಿತು, ಎಷ್ಟಕ್ಕೆ ಮಾರಿತು ಎಂಬುದು ಅವರಿಗೆ ಗೊತ್ತಾಗುತ್ತಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಸಂತೆ, ಅಂಗಡಿ, ಮದುವೆಗಳೆಲ್ಲ ನಿಂತಾಗ ನೇಕಾರರ ಕಷ್ಟ ಹೇಳತೀರದು.

ಈ ಕಟ್ಟನ್ನು ಜಾಲತಾಣ ಸ್ವಲ್ಪ ಸಡಿಲಿಸಿದೆ. ಸ್ವಂತ ಮಗ್ಗ, ಸ್ವಂತ ನೂಲು ಇರುವ ಮನೆಯವರು ಸೀರೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹಾಕಿ, ದೂರದ ಗಿರಾಕಿಯೊಡನೆ ನೇರವಾಗಿ ಮಾತಾಡಬಹುದು. 2016ರಲ್ಲಿ ಆರಂಭವಾದ ಯು.ಪಿ.ಐ. ವ್ಯವಸ್ಥೆಯಿಂದ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಸಣ್ಣ ವ್ಯಾಪಾರಿಗಳಿಗೆಂದೇ 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಚಿತ್ರ, ಬೆಲೆಗಳ ಪಟ್ಟಿಯನ್ನೇ ಇಡಬಹುದು.

ಆರಂಭಿಸುವವರು ಕೆಲವು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ. ಮೈ, ಅಂಚು, ಸೆರಗು ಪ್ರತ್ಯೇಕವಾಗಿ ಕಾಣಲಿ. ಬಣ್ಣವನ್ನು ಮಿರುಗಿಸುವ ಫಿಲ್ಟರ್ ಹಾಕಬೇಡಿ.

ಎರಡನೆಯದಾಗಿ, ಉದ್ದ ಎಷ್ಟು, ನೂಲು ಯಾವುದು, ಕೈಮಗ್ಗವೋ ವಿದ್ಯುತ್ ಮಗ್ಗವೋ, ಒಗೆಯುವುದು ಹೇಗೆ ಎಂಬುದನ್ನು ಸರಳ ಕನ್ನಡದಲ್ಲಿ ಬರೆಯಿರಿ. ಮಗ್ಗದ ಮೇಲೆ ಕುಳಿತು ನೇಯುವುದನ್ನು ಅರ್ಧ ನಿಮಿಷ ತೋರಿಸಿದರೆ ಹತ್ತು ಜಾಹೀರಾತುಗಳಿಗೆ ಸಮ.

ಮೂರನೆಯದಾಗಿ, ಬೆಲೆ ಹೇಳುವ ಮುನ್ನ ಲೆಕ್ಕ ಬರೆಯಿರಿ. ನೂಲು, ಬಣ್ಣ, ಕಂಡಿಕೆ ಸುತ್ತಿದವರ ಕೂಲಿ, ನೇಯ್ದ ದಿನಗಳ ಕೂಲಿ, ಅಂಚೆಯ ಖರ್ಚು, ಹಿಂದಿರುಗಿ ಬರುವ ಸೀರೆಯ ನಷ್ಟ, ಎಲ್ಲವೂ ಅದರಲ್ಲಿರಲಿ. ಮನೆಯ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಸೇರಿಸದೆ "ಲಾಭ ಬಂತು" ಎನ್ನುವುದು ಆತ್ಮವಂಚನೆ.

ನಾಲ್ಕನೆಯದಾಗಿ, ಮಾಲೀಕರ ನೂಲಿನಿಂದ ನೇಯ್ದ ಸೀರೆಯನ್ನು ಅವರಿಗೆ ತಿಳಿಯದಂತೆ ಮಾರಬೇಡಿ. ಮಾಲೀಕರೆಲ್ಲ ಶೋಷಕರೆಂದು ತಿಳಿಯುವುದೂ ಸರಿಯಲ್ಲ. ಮದುವೆಗೆ, ಆಸ್ಪತ್ರೆಗೆ ಮುಂಗಡ ಕೊಟ್ಟು ಕಾಪಾಡಿದವರೂ ಅವರಲ್ಲಿ ಇರುತ್ತಾರೆ. ಸ್ವಂತ ವ್ಯಾಪಾರ ಮಾಡುವ ಮನಸ್ಸಿದ್ದರೆ ಅವರೊಡನೆ ನೇರವಾಗಿ ಮಾತಾಡಿ, ಸಾಲದ ಲೆಕ್ಕ ತೀರಿಸಿಕೊಂಡು ಆರಂಭಿಸಿ.

ಸತ್ಯದ ಅಳತೆ

ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ (ಎರಡನೆಯ ಭಾಗದ ಎರಡನೆಯ ವಿಭಾಗ, 77ನೇ ಪ್ರಶ್ನೆ) ಕೊಡುಕೊಳ್ಳುವಿಕೆಯ ಬಗ್ಗೆಯೇ ಚರ್ಚಿಸಿದ್ದಾರೆ. ಕುಟುಂಬದ ಪೋಷಣೆಗಾಗಿ, ಬಡವರ ನೆರವಿಗಾಗಿ ಮಿತವಾದ ಲಾಭ ಗಳಿಸುವುದು ತಪ್ಪಲ್ಲ ಎನ್ನುತ್ತಾರೆ. ಆದರೆ ಕೊಳ್ಳುವವನಿಗೆ ನಷ್ಟ ಅಥವಾ ಅಪಾಯ ತರುವ ಗುಪ್ತದೋಷವನ್ನು ಮಾರುವವನು ತಿಳಿಸಲೇಬೇಕು. ಮರೆಮಾಚಿದರೆ ಅದು ವಂಚನೆ. ಎದುರಿಗೆ ಕಾಣುವ ದೋಷಕ್ಕೆ ಈ ಕಟ್ಟುಪಾಡು ಅಷ್ಟೇ ಬಿಗಿಯಾಗಿಲ್ಲ. ಕೊಳ್ಳುವವನೇ ನೋಡಿಕೊಳ್ಳಬಹುದಲ್ಲ.

ಈಗ ಯೋಚಿಸಿ. ಅಂಗಡಿಯಲ್ಲಿ ಗಿರಾಕಿ ಸೀರೆಯನ್ನು ಮುಟ್ಟಿ, ತಿರುವಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಫೋನಿನಲ್ಲಿ ಇದಾವುದೂ ಸಾಧ್ಯವಿಲ್ಲ. ಅಂಗಡಿಯಲ್ಲಿ ಕಾಣುವ ದೋಷವೂ ಫೋನಿನಲ್ಲಿ ಗುಪ್ತದೋಷವೇ ಆಗಿಬಿಡುತ್ತದೆ. ಹಾಗಾದರೆ ಜಾಲತಾಣದಲ್ಲಿ ಮಾರುವವನ ಹೊಣೆ ಅಂಗಡಿಯವನ ಹೊಣೆಗಿಂತ ಹೆಚ್ಚಿನದು. "ಅಣ್ಣಾರ, ಇದು ಕೈಮಗ್ಗದ್ದೇನ್ರಿ?" ಎಂದು ದೂರದ ಗಿರಾಕಿ ಕೇಳಿದಾಗ, "ಅಲ್ರೀ ಅಕ್ಕಾರ, ಇದು ಪವರ್‌ಲೂಮ್‌ದು, ಅದಕ್ಕ ರೇಟ್ ಕಡಿಮಿ ಐತ್ರಿ. ಕೈಮಗ್ಗದ್ದು ಬೇಕಂದ್ರ ಹದಿನೈದು ದಿನ ಬಿಟ್ಟು ಕೊಡ್ತೇನ್ರಿ" ಎಂದು ಹೇಳುವವನು ಆ ದಿನದ ಒಂದು ವ್ಯಾಪಾರವನ್ನು ಕಳೆದುಕೊಳ್ಳಬಹುದು. ಆದರೆ ಅವನ ಹೌದು ಹೌದಾಗಿರುತ್ತದೆ, ಅಲ್ಲ ಅಲ್ಲವಾಗಿರುತ್ತದೆ. ಪ್ರಭುಕ್ರಿಸ್ತರು ಪರ್ವತ ಪ್ರಸಂಗದಲ್ಲಿ ಕೇಳಿದ್ದು ಇದನ್ನೇ (ಮತ್ತಾಯ 5:37).

ಇಳಕಲ್ ಸೀರೆಗೆ ಭೌಗೋಳಿಕ ಗುರುತು ದೊರೆತಿದೆ. ಕೈಮಗ್ಗದ ಬಟ್ಟೆಗೆ ಕೇಂದ್ರ ಸರ್ಕಾರವು 2006ರಲ್ಲಿ ತಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಅರ್ಹರು ನೋಂದಾಯಿಸಿಕೊಂಡು ಇವುಗಳನ್ನು ಬಳಸಿದರೆ ಅಪರಿಚಿತ ಗಿರಾಕಿಗೂ ನಂಬಿಕೆ ಬರುತ್ತದೆ.

ಕೊಳ್ಳುವವರಿಗೂ ಒಂದು ಮಾತು. ಯೋಗ್ಯ ಬೆಲೆಗಿಂತ ಹೆಚ್ಚು ಪಡೆಯುವುದು ಹೇಗೆ ಅನ್ಯಾಯವೋ, ಕಡಿಮೆ ಕೊಡುವುದೂ ಹಾಗೆಯೇ ಅನ್ಯಾಯ ಎಂಬುದು ಅಕ್ವಿನಾಸರ ಬೋಧನೆ. ಪಟ್ಟಣದ ದೊಡ್ಡ ಮಳಿಗೆಯಲ್ಲಿ ಚೌಕಾಶಿ ಮಾಡದ ನಾವು, ಬಡ ನೇಕಾರಳು ಚಿತ್ರ ಕಳುಹಿಸಿದಾಗ ಅರ್ಧ ಬೆಲೆಗೆ ಕೇಳುತ್ತೇವೆ. ಹತ್ತು ಚಿತ್ರ ತರಿಸಿಕೊಂಡು ಉತ್ತರವನ್ನೇ ಕೊಡುವುದಿಲ್ಲ. ಇದೂ ಪಾಪನಿವೇದನೆಗೆ ತಕ್ಕ ವಿಷಯವೇ.

ಕೆಲಸ ಹುಡುಕುವ ಯುವಜನರಿಗೆ

ಜಾಲತಾಣದಲ್ಲಿ ನಿಮ್ಮ ಪರಿಚಯವನ್ನು ಬರೆಯುವಾಗ ಇದ್ದುದನ್ನು ಇದ್ದಂತೆ ಬರೆಯಿರಿ. "ಪರಿಶ್ರಮಿ, ಪ್ರಾಮಾಣಿಕ" ಎಂದು ನೀವೇ ಹೇಳಿಕೊಳ್ಳುವುದಕ್ಕಿಂತ, ಮಾಡಿದ ಒಂದು ಕೆಲಸವನ್ನು ತೋರಿಸುವುದು ಮೇಲು. ಐ.ಟಿ.ಐ. ಮುಗಿಸಿದವನು ತಾನು ರಿಪೇರಿ ಮಾಡಿದ ಮೋಟಾರನ್ನು, ಹೊಲಿಗೆ ಕಲಿತವಳು ತಾನು ಹೊಲಿದ ರವಿಕೆಯನ್ನು ತೋರಿಸಲಿ. ಪರಿಚಯವಿಲ್ಲದವರಿಗೆ ಬರೆಯುವಾಗ ಮೊದಲ ಸಂದೇಶದಲ್ಲೇ "ಕೆಲಸ ಕೊಡಿಸಿ ಸರ್" ಎನ್ನಬೇಡಿ. ನೀವು ಯಾರು, ಏನು ಕಲಿತಿದ್ದೀರಿ, ಯಾವ ಸಲಹೆ ಬೇಕು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ನೆರವಾದವರಿಗೆ ಕೃತಜ್ಞತೆ ತಿಳಿಸಿ. ಕೆಲಸ ಸಿಗದಿದ್ದರೂ ತಿಳಿಸಿ.

ಮೋಸದ ಬಗ್ಗೆ ಎಚ್ಚರಿಕೆ ಅಗತ್ಯ. ಕೆಲಸ ಕೊಡುವವನು ನಿಮಗೆ ಸಂಬಳ ಕೊಡಬೇಕೇ ಹೊರತು, "ನೋಂದಣಿ ಶುಲ್ಕ", "ತರಬೇತಿ ಠೇವಣಿ" ಎಂದು ನಿಮ್ಮಿಂದಲೇ ಮೊದಲು ಹಣ ಕೇಳಿದರೆ ಅಲ್ಲೇ ನಿಲ್ಲಿಸಿ. ವಿಡಿಯೊಗಳಿಗೆ ಲೈಕ್ ಒತ್ತಿದರೆ ದಿನಕ್ಕಿಷ್ಟು ಹಣ ಎಂಬ ಆಮಿಷ ಮೊದಲು ಚಿಲ್ಲರೆ ಕೊಟ್ಟು ಆಮೇಲೆ ಗಂಟನ್ನೇ ದೋಚುತ್ತದೆ. ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತಬೇಕಾಗಿಲ್ಲ. ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ಗಿರಾಕಿ ಕಳುಹಿಸಿದ "ಹಣ ಪಾವತಿಯಾಗಿದೆ" ಎಂಬ ಚಿತ್ರವನ್ನು ನಂಬದೆ, ಖಾತೆಯಲ್ಲಿ ಹಣ ಬಂದದ್ದನ್ನು ನೋಡಿ ಸರಕು ಕಳುಹಿಸಿ. ಮೋಸಹೋದರೆ ನಾಚಿಕೆಯಿಂದ ಮುಚ್ಚಿಡದೆ ತಡಮಾಡದೆ 1930ಕ್ಕೆ ಕರೆ ಮಾಡಿ.

ವಿದೇಶದ ಕೆಲಸವೆಂದರೆ ಇನ್ನೂ ಜಾಗ್ರತೆ ಬೇಕು. ಜಾಲತಾಣದ ಜಾಹೀರಾತನ್ನು ನಂಬಿ ಹೋದ ಭಾರತೀಯ ಯುವಕರನ್ನು ಕಾಂಬೋಡಿಯ, ಮ್ಯಾನ್ಮಾರ್‌ಗಳಲ್ಲಿ ಕೂಡಿಹಾಕಿ ಸೈಬರ್ ವಂಚನೆಯ ಕೆಲಸಕ್ಕೆ ಹಚ್ಚಿದ ಪ್ರಕರಣಗಳು ಈಚಿನ ವರ್ಷಗಳಲ್ಲಿ ನಡೆದಿವೆ. ಏಜೆಂಟನು ನೋಂದಾಯಿತನೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಪರಿಶೀಲಿಸದೆ ಪಾಸ್‌ಪೋರ್ಟನ್ನೂ ಕೊಡಬೇಡಿ, ಹಣವನ್ನೂ ಕೊಡಬೇಡಿ. ಸರ್ಪಗಳಂತೆ ಜಾಣರೂ ಪಾರಿವಾಳಗಳಂತೆ ನಿಷ್ಕಪಟಿಗಳೂ ಆಗಿರಬೇಕೆಂಬ ಪ್ರಭುವಿನ ಉಪದೇಶದಲ್ಲಿ (ಮತ್ತಾಯ 10:16) ಎರಡೂ ಭಾಗಗಳಿವೆ. ಒಂದನ್ನೇ ಹಿಡಿದರೆ ಸಾಲದು.

ಸ್ನೇಹವೋ, ಉಪಯೋಗವೋ?

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಎಂಟನೆಯ ಪುಸ್ತಕದಲ್ಲಿ ಸ್ನೇಹವನ್ನು ಮೂರು ವಿಧವಾಗಿ ವಿಂಗಡಿಸುತ್ತಾನೆ: ಉಪಯೋಗಕ್ಕಾಗಿ, ಸಂತೋಷಕ್ಕಾಗಿ, ಸದ್ಗುಣಕ್ಕಾಗಿ. ಉಪಯೋಗದ ಸ್ನೇಹ ಕೆಟ್ಟದ್ದೇನಲ್ಲ. ಆದರೆ ಉಪಯೋಗ ಮುಗಿದಾಗ ಅದೂ ಮುಗಿಯುತ್ತದೆ. ಜಾಲತಾಣದ ಅಪಾಯವಿರುವುದು ಇಲ್ಲೇ. ಅದು ಮನುಷ್ಯರನ್ನು ಸಂಖ್ಯೆಯಾಗಿ ತೋರಿಸುತ್ತದೆ. ಐನೂರು ಪರಿಚಿತರು, ಸಾವಿರ ಹಿಂಬಾಲಕರು! ಹೀಗೆ ಎಣಿಸುತ್ತ ಹೋದಂತೆ ನಾವು ಪ್ರತಿಯೊಬ್ಬರನ್ನೂ "ಇವರಿಂದ ನನಗೇನು ಸಿಕ್ಕೀತು?" ಎಂದು ಅಳೆಯಲು ಕಲಿಯುತ್ತೇವೆ. ಧರ್ಮಕೇಂದ್ರದ ಗುಂಪಿನಲ್ಲಿ ಒಬ್ಬರ ಮರಣದ ಸುದ್ದಿ ಬಂದ ಮರುಕ್ಷಣವೇ ಇನ್ನೊಬ್ಬರು ರಿಯಾಯಿತಿ ಮಾರಾಟದ ಜಾಹೀರಾತು ಹಾಕುವುದನ್ನು ನಾವು ನೋಡಿದ್ದೇವೆ. ಸರಪಳಿ ವ್ಯಾಪಾರಕ್ಕೆ ಸೇರಿಸಲೆಂದೇ ಬಂಧುಗಳ ಮನೆಗೆ ಹೋಗುವವರನ್ನೂ ನೋಡಿದ್ದೇವೆ.

ಮನುಷ್ಯ ದೇವರ ಪ್ರತಿರೂಪ. ಆದುದರಿಂದ ಅವನು ಇನ್ನೊಬ್ಬನ ಏಣಿಯ ಮೆಟ್ಟಿಲಾಗಬಾರದು. ವಿಶ್ವಗುರು ಹದಿನಾರನೇ ಬೆನೆಡಿಕ್ಟರು 2013ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ, ಈ ಡಿಜಿಟಲ್ ಪರಿಸರವು ಬೇರೊಂದು ಕಲ್ಪನಾಲೋಕವಲ್ಲ, ಜನರ ದಿನನಿತ್ಯದ ಬದುಕಿನ ಭಾಗವೇ ಎಂದು ತಿಳಿಸಿದ್ದರು. ಅಂದರೆ ಅಲ್ಲಿ ಆಡಿದ ಸುಳ್ಳೂ ನಿಜವಾದ ಸುಳ್ಳೇ, ಅಲ್ಲಿ ತೋರಿದ ದಯೆಯೂ ನಿಜವಾದ ದಯೆಯೇ. ವಿಶ್ವಗುರು ಫ್ರಾನ್ಸಿಸ್‌ರವರು 2019ರ ಸಂದೇಶಕ್ಕೆ ಎಫೆಸದವರಿಗೆ ಬರೆದ ಪತ್ರದ 4:25ನೇ ವಾಕ್ಯವನ್ನು ಆಧಾರವಾಗಿಟ್ಟು, ನಾವೆಲ್ಲ ಒಂದೇ ದೇಹದ ಅಂಗಗಳೆಂಬುದನ್ನು ನೆನಪಿಸಿ, ಜಾಲತಾಣದ ಗುಂಪುಗಳಿಂದ ಮಾನವ ಸಮುದಾಯದೆಡೆಗೆ ಸಾಗಲು ಕರೆ ನೀಡಿದರು.

ಇದನ್ನು ಆಚರಣೆಗೆ ತರುವುದು ಹೇಗೆ? ಒಂದು ಸರಳ ನಿಯಮವನ್ನು ಇಟ್ಟುಕೊಳ್ಳಬಹುದು. ನಿಮಗಾಗಿ ಒಂದು ನೆರವು ಕೇಳುವ ಮುನ್ನ, ಬೇರೊಬ್ಬರಿಗಾಗಿ ಒಂದು ಬಾಗಿಲು ತೆರೆಯಿರಿ. ನೆರೆಮನೆಯ ವಿಧವೆ ಮಾಡುವ ಹಪ್ಪಳದ ಚಿತ್ರವನ್ನು ನಿಮ್ಮ ಗುಂಪಿಗೆ ಕಳುಹಿಸಿ. ನಿಮಗೆ ಬೇಡವಾದ ಕೆಲಸದ ಮಾಹಿತಿಯನ್ನು ಅಗತ್ಯವಿರುವವನಿಗೆ ತಲುಪಿಸಿ. ಪ್ರತಿಯಾಗಿ ಏನೂ ಕೊಡಲಾಗದವರಿಗೆ ಮಾಡಿದ ಪರಿಚಯವೇ ಕ್ರೈಸ್ತ ಪರಿಚಯ.

ಮನೆಯಲ್ಲಿ

ಜಾತ್ರೆಗೆ ಕೊನೆಯ ದಿನವಿರುತ್ತದೆ, ಅಂಗಡಿಗೆ ಬಾಗಿಲಿರುತ್ತದೆ. ಫೋನಿನ ಅಂಗಡಿಗೆ ಎರಡೂ ಇಲ್ಲ. ರಾತ್ರಿ ಹನ್ನೊಂದಕ್ಕೂ ಗಿರಾಕಿ "ಇದ್ದೀರಾ?" ಎನ್ನುತ್ತಾನೆ. ಆದುದರಿಂದ ಬಾಗಿಲನ್ನು ನಾವೇ ಹಾಕಬೇಕು. ಊಟದ ಹೊತ್ತು, ಜಪಸರದ ಹೊತ್ತು, ಭಾನುವಾರದ ಬಲಿಪೂಜೆಯ ಹೊತ್ತು ಫೋನು ದೂರವಿರಲಿ. "ಭಾನುವಾರ ರಜೆ" ಎಂದು ನಿಮ್ಮ ಪುಟದಲ್ಲೇ ಬರೆದುಬಿಡಿ. ಯಾವ ಒಳ್ಳೆಯ ಗಿರಾಕಿಯೂ ಅದಕ್ಕಾಗಿ ಬಿಟ್ಟುಹೋಗುವುದಿಲ್ಲ. ಲೆಕ್ಕ, ಪಾಸ್‌ವರ್ಡ್, ಬಂದ ಹಣ ಗಂಡಹೆಂಡಿರಿಬ್ಬರಿಗೂ ತಿಳಿದಿರಲಿ. ಮಕ್ಕಳ ಚಿತ್ರವನ್ನು ವ್ಯಾಪಾರಕ್ಕೆ ಬಳಸಬೇಡಿ.

ಅಕ್ವಿಲ ಮತ್ತು ಪ್ರಿಸಿಲ್ಲರ ಮನೆ ಗುಡಾರದ ಕಾರ್ಖಾನೆಯೂ ಆಗಿತ್ತು, ಪ್ರಾರ್ಥನಾ ಸಭೆಯೂ ಆಗಿತ್ತು (1 ಕೊರಿಂಥ 16:19). ದುಡಿಮೆ ಮತ್ತು ವಿಶ್ವಾಸ ಒಂದೇ ಸೂರಿನಡಿ ಬಾಳಿದವು. ನಮ್ಮ ಮನೆಗಳಲ್ಲೂ ಹಾಗಾಗಲಿ.

ಚಿಂತನೆಗೆ

1. ಕಳೆದ ತಿಂಗಳು ನಾನು ಜಾಲತಾಣದ ಮೂಲಕ ಯಾರಿಗಾದರೂ ಪ್ರತಿಫಲ ಬಯಸದೆ ನೆರವಾದೆನೇ?
2. ನನ್ನ ಜಾಹೀರಾತಿನಲ್ಲಿ ಅಥವಾ ಸ್ವಪರಿಚಯದಲ್ಲಿ ಸತ್ಯವಲ್ಲದ ಮಾತು ಇದೆಯೇ? ಇಂದೇ ಅದನ್ನು ತಿದ್ದಬಲ್ಲೆನೇ?
3. ಬಡವರಿಂದ ಕೊಳ್ಳುವಾಗ ನಾನು ಯೋಗ್ಯ ಬೆಲೆ ಕೊಡುತ್ತೇನೆಯೇ?
4. ನಮ್ಮ ಧರ್ಮಕೇಂದ್ರದಲ್ಲಿ ಕೆಲಸವಿಲ್ಲದ ಯುವಕ ಯುವತಿಯರು ಯಾರು? ಅವರಿಗೆ ಪರಿಚಯ ಪತ್ರ ಬರೆದುಕೊಡಬಲ್ಲವರು ಯಾರು?

ಪ್ರಾರ್ಥನೆ

ನಜರೇತಿನ ಬಡಗಿಯ ಮನೆಯಲ್ಲಿ ದುಡಿದ ಪ್ರಭುವೇ, ದುಡಿದು ಬಾಳಲು ಹಂಬಲಿಸುವ ನಮ್ಮ ಮನೆಗಳನ್ನು ಆಶೀರ್ವದಿಸಿರಿ. ನಮ್ಮ ಕೈಯ ಕೆಲಸ ಸತ್ಯವಾಗಿರಲಿ, ನಮ್ಮ ಮಾತು ಶುದ್ಧವಾಗಿರಲಿ. ನಮಗೆ ಪರಿಚಯವಾಗುವ ಪ್ರತಿಯೊಬ್ಬರಲ್ಲೂ ನಿಮ್ಮ ಮುಖವನ್ನು ಕಾಣುವ ಕಣ್ಣನ್ನು ನಮಗೆ ಕೊಡಿರಿ. ಕೆಲಸವಿಲ್ಲದೆ ನೊಂದಿರುವವರಿಗೆ ಬಾಗಿಲು ತೆರೆಯುವ ಕೈ ನಮ್ಮದಾಗಲಿ. ಆಮೆನ್.